ದಪ್ಪ ಮೋಟಾರ್ ವೈರಿಗೆ ಟಿ12 ಸೋಲ್ಡ್ರಿಂಗ್ ಸ್ಟೇಷನ್: ಸಕಲೇಶಪುರದ ಮಳೆ, ಲೋ ವೋಲ್ಟೇಜ್ ಮಧ್ಯೆ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ರೇಡಿಯೋ ರಿಪೇರಿ, ಸಣ್ಣಪುಟ್ಟ ಬೋರ್ಡು, ಎಲ್‌ಇಡಿ ಬಲ್ಬು, ಇಷ್ಟೇ ನಿಮ್ಮ ಕೆಲಸವಾದರೆ ಈ ಟಿ12 ಸ್ಟೇಷನ್ನಿಗೆ, ಅಂದರೆ ಬಿಸಿ ಹೊಂದಿಸಬಹುದಾದ ಬೆಸುಗೆ ಐರನ್ನಿಗೆ, ದುಡ್ಡು ಹಾಕಬೇಡಿ. ನೇರ ಪ್ಲಗ್ಗಿಗೆ ಹಾಕುವ 25 ವಾಟಿನ ಸೋಲ್ಡ್ರಾನ್ ಐರನ್ ಧಾರಾಳ ಸಾಕು. ನನ್ನ ಹತ್ತಿರವೂ ಒಂದಿದೆ, ಇವತ್ತಿನವರೆಗೆ ಕೈಕೊಟ್ಟಿಲ್ಲ. ನನಗೆ ತಾಪತ್ರಯ ಶುರುವಾಗಿದ್ದು ಮೋಟಾರುಗಳಿಂದ. ತೋಟದಲ್ಲಿ ಕಾಫಿ ಮೂಟೆ ಎಳೆಯಲು ಬ್ಯಾಟರಿ ಗಾಡಿ, ಸೈಕಲ್ಲಿಗೆ ಹಬ್ ಮೋಟಾರ್, ತಮ್ಮನ ರಿಮೋಟ್ ಪ್ಲೇನು. ಎಲ್ಲದಕ್ಕೂ 10 ಅಥವಾ 12 ಗೇಜಿನ ಸಿಲಿಕೋನ್ ವೈರು, ತುದಿಗೆ ಎಕ್ಸ್‌ಟಿ60, ಎಕ್ಸ್‌ಟಿ90 ಎಂಬ ಎರಡು ಪಿನ್ನಿನ ಬ್ಯಾಟರಿ ಕನೆಕ್ಟರು, ಇಲ್ಲವೇ ಒಂದೇ ವೈರಿನ ಬುಲೆಟ್ ಕನೆಕ್ಟರು.

10 ಗೇಜ್ (ಅಮೆರಿಕನ್ ಗೇಜ್, ಎಡಬ್ಲ್ಯುಜಿ) ಅಂದರೆ 5.26 ಚದರ ಮಿಲಿಮೀಟರ್ ತಾಮ್ರ. 12 ಗೇಜಿನಲ್ಲಿ 3.31. ಐರನ್ ಮುಟ್ಟಿಸಿದ ಕೂಡಲೇ ಬಿಸಿಯೆಲ್ಲ ವೈರಿನುದ್ದಕ್ಕೂ ಓಡಿಹೋಗುತ್ತದೆ, ತುದಿ ಮಾತ್ರ ಕಾಯುವುದೇ ಇಲ್ಲ. 63/37 ಲೆಡ್ (63 ಪಾಲು ತವರ, 37 ಪಾಲು ಸೀಸದ ಬೆಸುಗೆ ತಂತಿ) ಕರಗುವುದು 183 ಡಿಗ್ರಿಗೆ, ಅದೇನೂ ದೊಡ್ಡ ಬಿಸಿಯಲ್ಲ. ಆದರೆ ಟಿಪ್ ಎಷ್ಟು ಡಿಗ್ರಿಯಲ್ಲಿದೆ ಅನ್ನುವುದಕ್ಕಿಂತ, ತಾಮ್ರ ಬಿಸಿ ಎಳೆದುಕೊಳ್ಳುವಾಗ ಅದು ತಡೆದುಕೊಳ್ಳುತ್ತದೆಯೇ ಅನ್ನುವುದೇ ಇಲ್ಲಿ ಪ್ರಶ್ನೆ. ಅಕ್ಕಿ ರೊಟ್ಟಿ ತಟ್ಟುವವರಿಗೆ ಇದು ಗೊತ್ತು: ತೆಳ್ಳನೆ ತವಾ ಎಷ್ಟೇ ಕಾದಿದ್ದರೂ ಹಿಟ್ಟು ಬಿದ್ದ ತಕ್ಷಣ ತಣ್ಣಗಾಗುತ್ತದೆ, ದಪ್ಪ ಕಾವಲಿ ಜಗ್ಗುವುದಿಲ್ಲ.

ನಮ್ಮ ಕಡೆ ಇನ್ನೊಂದು ಪೀಡೆ ವೋಲ್ಟೇಜು. ಸಂಜೆ ಎಲ್ಲರ ಮನೆಯ ಪಂಪು, ಗೀಸರು ಒಟ್ಟಿಗೆ ಶುರುವಾದರೆ 180ಕ್ಕೆ ಇಳಿಯುವುದು ಹೊಸದಲ್ಲ. ನೇರ ಪ್ಲಗ್ಗಿಗೆ ಹಾಕುವ ಐರನ್ನಿನ ವಾಟು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ಅಂದರೆ 230 ವೋಲ್ಟಿನಲ್ಲಿ 60 ವಾಟ್ ಕೊಡುವ ಐರನ್ 180ರಲ್ಲಿ ಕೊಡುವುದು ಹೆಚ್ಚುಕಡಿಮೆ 37 ವಾಟ್. ಬೆಂಗಳೂರಿನ ಸ್ನೇಹಿತ "60 ವಾಟ್ ತಗೋ, ಎಕ್ಸ್‌ಟಿ60ಗೆ ಸಾಕು" ಅಂದದ್ದು ಅವನ ಮನೆಯ ಮಟ್ಟಿಗೆ ಸರಿಯೇ. ಇಲ್ಲಿ ಸಂಜೆ ಏಳು ಗಂಟೆಗೆ ಅದು ಬೇರೆಯೇ ಐರನ್.

ಟಿ12 ಗೆಲ್ಲುವುದು ಇಲ್ಲೇ. ಟಿ12 ಮೂಲತಃ ಜಪಾನಿನ ಹ್ಯಾಕೊ ಕಂಪನಿಯ ಟಿಪ್ ಸರಣಿ. ಆ ಟಿಪ್ಪುಗಳಿಗೆ ಹೊಂದುವ ಚೀನಾ ಸ್ಟೇಷನ್ನುಗಳು ಬೇಕಾದಷ್ಟಿವೆ, ನನ್ನದೂ ಅಂಥದ್ದೇ, ಸುಮಾರು ₹2,500 ಕೊಟ್ಟೆ. ಹೀಟರು, ಬಿಸಿ ಅಳೆಯುವ ಥರ್ಮೋಕಪಲ್ಲು ಎರಡೂ ಟಿಪ್ಪಿನ ತುದಿಯಲ್ಲೇ ಕೂತಿರುವುದರಿಂದ ದಪ್ಪ ತಾಮ್ರ ಬಿಸಿ ಎಳೆದ ಕ್ಷಣವೇ ಸ್ಟೇಷನ್ನಿಗೆ ಗೊತ್ತಾಗಿ ಕರೆಂಟ್ ನುಗ್ಗಿಸುತ್ತದೆ. ಹೀಟರಿನ ರೆಸಿಸ್ಟೆನ್ಸ್ ಸುಮಾರು 8 ಓಮ್, 24 ವೋಲ್ಟಿಗೆ 72 ವಾಟ್. ಅಡಾಪ್ಟರು 100ರಿಂದ 240 ವೋಲ್ಟಿನವರೆಗೆ ನಡೆಯುವಂಥದ್ದಾದ್ದರಿಂದ ಮನೆಯ ವೋಲ್ಟೇಜು ಬಿದ್ದರೂ ಟಿಪ್ಪಿಗೆ 24 ವೋಲ್ಟೇ ಹೋಗುತ್ತದೆ. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಲ್ಲಿ ಸಿಗುವುದು 45 ವಾಟ್, 12 ಗೇಜಿಗೆ ಹೇಗೋ ಸುಧಾರಿಸಬಹುದು. ಕಾರಿನ 12 ವೋಲ್ಟ್ ಬ್ಯಾಟರಿಯಲ್ಲಿ ಬರೀ 18. ಆ ಆಸೆ ಬಿಡಿ.

ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟೇ ಇಲ್ಲದ ದಿನಗಳಲ್ಲಿ ಗಾಡಿಯ 6ಎಸ್ (ಸಾಲಾಗಿ ಆರು ಲಿಥಿಯಂ ಸೆಲ್ಲಿನ) ಪ್ಯಾಕಿನಿಂದಲೇ ನಡೆಸುತ್ತೇನೆ. ತುಂಬಿದ ಪ್ಯಾಕ್ 25.2 ವೋಲ್ಟ್ ಇರುತ್ತದೆ, ನನ್ನ ಸ್ಟೇಷನ್ನಿನ ಮೇಲೆ 24 ಗರಿಷ್ಠ ಅಂತ ಬರೆದಿದೆ, ಹಾಗಾಗಿ ಸ್ವಲ್ಪ ಓಡಿಸಿ ಇಳಿಸಿದ ಮೇಲೆಯೇ ಜೋಡಿಸುವುದು. ಒಂದು ಎಚ್ಚರಿಕೆ: ಐರನ್ನಿಗೆ ಕರೆಂಟ್ ಕೊಡುತ್ತಿರುವ ಪ್ಯಾಕಿನದೇ ವೈರನ್ನು ಅದೇ ಐರನ್ನಿನಿಂದ ಬೆಸೆಯಬೇಡಿ. ಕೆಲವು ಸ್ಟೇಷನ್ನುಗಳಲ್ಲಿ ಟಿಪ್ಪಿನ ಹೊರಮೈ ನೆಗೆಟಿವ್‌ಗೆ ಸೇರಿರುತ್ತದೆ, ಪಾಸಿಟಿವ್ ಮುಟ್ಟಿದರೆ ಸೀದಾ ಶಾರ್ಟು.

ಇನ್ನು ಟಿಪ್. ಜೊತೆಗೆ ಬಂದ ಮೊನಚು ಟಿಪ್ಪನ್ನು ಡಬ್ಬಿಯಲ್ಲೇ ಇಟ್ಟಿದ್ದೇನೆ. ಈ ಕೆಲಸಕ್ಕೆ ಬೇಕಾದ್ದು ಡಿ52, ಅಂದರೆ 5.2 ಮಿಲಿಮೀಟರ್ ಅಗಲದ ಉಳಿಯಂಥ ಟಿಪ್. ಅದು ಸಿಗದಿದ್ದರೆ ಚಾಕುವಿನಾಕಾರದ ಕೆ. 10 ಗೇಜಿಗೆ 400 ಡಿಗ್ರಿ ಇಡುತ್ತೇನೆ. ಅಷ್ಟೊಂದಾ ಅಂತ ಹುಬ್ಬೇರಿಸುವವರಿದ್ದಾರೆ. 320ರಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದು ಕನೆಕ್ಟರಿನ ನೈಲಾನ್ ಮೆತ್ತಗೆ ಮಾಡುವುದಕ್ಕಿಂತ 400ರಲ್ಲಿ ಮೂರ್ನಾಲ್ಕು ಸೆಕೆಂಡಿಗೆ ಮುಗಿಸುವುದೇ ವಾಸಿ.

ಎಕ್ಸ್‌ಟಿ90 ಹಾಕುವಾಗ ಅದರ ಜೋಡಿಯನ್ನು ಸಿಕ್ಕಿಸಿಕೊಂಡೇ ಕೂರಬೇಕು. ನೈಲಾನ್ ಸ್ವಲ್ಪ ಮೆತ್ತಗಾದರೂ ಪಿನ್ನು ವಾಲುವುದಿಲ್ಲ, ಹೆಚ್ಚಿನ ಬಿಸಿಯನ್ನೂ ಆ ಜೋಡಿ ಹೀರಿಕೊಳ್ಳುತ್ತದೆ. ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ತುಂಡನ್ನು ವೈರಿಗೆ ಮೊದಲೇ ಏರಿಸಿ ದೂರಕ್ಕೆ ತಳ್ಳಿ. ವೈರಿನ ತುದಿಗೆ ಬೆಸುಗೆ ಪೇಸ್ಟ್ (ಫ್ಲಕ್ಸ್) ಸವರಿ ಟಿಪ್ಪಿನ ಅಗಲ ಮುಖವನ್ನು ಕೆಳಗಿನಿಂದ ಒತ್ತಿ, ಲೆಡ್ಡನ್ನು ಮೇಲಿನಿಂದ ವೈರಿಗೇ ತಾಗಿಸಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಎಳೆಗಳ ನಡುವೆ ಲೆಡ್ ಎಳೆದುಕೊಂಡು, ಕೆಂಪು ತಾಮ್ರವೆಲ್ಲ ಬೆಳ್ಳಗೆ ತಿರುಗುತ್ತದೆ. ಕನೆಕ್ಟರಿನ ಬಟ್ಟಲಿಗೂ ಅರ್ಧ ಲೆಡ್ ತುಂಬಿ, ಅದು ಕರಗಿರುವಾಗಲೇ ವೈರು ಇಳಿಸಿ ಅಲುಗಾಡದಂತೆ ಹಿಡಿಯಿರಿ. ಮೇಲ್ಮೈ ಹೊಳೆಯುತ್ತ ವೈರಿನ ಕಡೆಗೆ ಏರಿ ನಿಂತರೆ ಸರಿ. ಬೂದಿ ಬಣ್ಣದ ಉಂಡೆಯಾಗಿ ಕೂತರೆ ಮತ್ತೆ ಕಾಯಿಸಿ, ಲೋಡ್ ಬಿದ್ದಾಗ ಅಂಥ ಜಾಯಿಂಟೇ ಮೊದಲು ಕಾಯುವುದು. ಬ್ಯಾಟರಿ ಕಡೆಯ ಕನೆಕ್ಟರಾದರೆ ಒಂದೊಂದೇ ವೈರು, ಒಂದಕ್ಕೆ ಶ್ರಿಂಕ್ ಮುಚ್ಚುವವರೆಗೆ ಇನ್ನೊಂದರ ಟೇಪು ಬಿಚ್ಚಬಾರದು.

ಮೋಟಾರಿನ ಮೂರು ವೈರಿಗೆ ಬುಲೆಟ್ ಹಾಕುವುದು ಇದಕ್ಕಿಂತ ಸಲೀಸು, ಮರದ ತುಂಡಿಗೆ ತೂತು ಕೊರೆದು ಬುಲೆಟ್ ನಿಲ್ಲಿಸಿದರಾಯಿತು. ಸುರುಳಿಯ ತಂತಿಯೇ ಹೊರಗೆ ಬಂದಿರುವ ಮೋಟಾರಾದರೆ ಮಾತ್ರ ತುದಿಯ ಎನಾಮೆಲ್ ಲೇಪನ ಕೆರೆದು ತೆಗೆಯದೆ ಲೆಡ್ ಹಿಡಿಯುವುದಿಲ್ಲ, ಎಷ್ಟು ವಾಟ್ ಇದ್ದರೂ ಅಷ್ಟೇ. ಹಾಲ್ ಸೆನ್ಸರ್ ಇಲ್ಲದ ಮೋಟಾರಾದರೆ ಯಾವ ವೈರು ಯಾವುದಕ್ಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಮೋಟಾರ್ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಅದಲುಬದಲು ಮಾಡಿ.

ಪೇಸ್ಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ರಾಳದ್ದೇ ತನ್ನಿ. ಪಾತ್ರೆ ಬೆಸೆಯುವವರ ಆಸಿಡ್ ಫ್ಲಕ್ಸಿನಿಂದ ಲೆಡ್ ಚೆನ್ನಾಗೇ ಹಿಡಿಯುತ್ತದೆ, ಆದರೆ ನಮ್ಮ ಮಳೆಗಾಲದ ಥಂಡಿಗೆ ಶ್ರಿಂಕಿನೊಳಗೇ ತಾಮ್ರ ಹಸಿರು ಹಿಡಿಯುತ್ತದೆ. ಪಕ್ಕದ ತೋಟದವರ ಸ್ಪ್ರೇಯರ್ ಬಿಚ್ಚಿದಾಗ ಇನ್ಸುಲೇಷನ್ ಒಳಗೆ ಬೆರಳುದ್ದ ಹಸಿರು ಪುಡಿ ಸಿಕ್ಕಿತು.

ಸ್ಟೇಷನ್ನಿನ ಕೊರತೆಗಳೂ ಇವೆ. ಪರದೆಯ ಮೇಲಿನ ಡಿಗ್ರಿಯನ್ನು ಪೂರಾ ನಂಬುವ ಹಾಗಿಲ್ಲ, ಟಿಪ್ ಬದಲಿಸಿದಾಗಲೆಲ್ಲ ವ್ಯತ್ಯಾಸ ಕಾಣುತ್ತದೆ. ಅಗ್ಗದ ಟಿಪ್ಪಿನ ಲೇಪನ ಬೇಗ ಕಿತ್ತು ಕಪ್ಪಾಯಿತು, ಅದರ ಮೇಲೆ ಲೆಡ್ ನಿಲ್ಲುತ್ತಲೇ ಇರಲಿಲ್ಲ. ಈಗಿರುವುದು ಅಸಲಿ ಡಿ52, ಬೆಲೆ ನೋವಾಗುವಷ್ಟಿದೆ, ಆದರೆ ಮಳೆಗಾಲ ದಾಟಿಯೂ ಬೆಳ್ಳಗಿದೆ. ಜೊತೆಗೆ ಕೊಟ್ಟ ಸ್ಟ್ಯಾಂಡಂತೂ ತಗಡು, ಹಿಡಿಕೆಯ ಭಾರಕ್ಕೇ ಮಗುಚುತ್ತದೆ. ಮಾರಿದ ಅಂಗಡಿಯವರು ಅಡಾಪ್ಟರ್ ಜೊತೆಗಿರುತ್ತದೆ ಅಂದಿದ್ದರು, ಡಬ್ಬಿ ತೆರೆದರೆ ಇರಲಿಲ್ಲ, ಫೋನಿಗೂ ಸಿಗಲಿಲ್ಲ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 24 ವೋಲ್ಟ್, 4 ಆಂಪಿನದು ತರಿಸಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಹೋಗಿದ್ದು ಸ್ಟ್ಯಾಂಡಿಗೆ ಮತ್ತು ಅಡಾಪ್ಟರಿಗೆ. ಕೊಳ್ಳುವವರು ಡಿ52 ಟಿಪ್ಪನ್ನೂ ಜೊತೆಯಲ್ಲೇ ಆರ್ಡರ್ ಮಾಡಿ, ಹಾಸನದ ಅಂಗಡಿಗಳಲ್ಲಿ ನನಗಂತೂ ಸಿಗಲಿಲ್ಲ.