ಶಿರಸಿ ಘಟ್ಟದಲ್ಲಿ ಸೈಕಲ್: ಉಂಚಳ್ಳಿ, ದೇವಿಮನೆ, ವಡ್ಡಿ ದಾರಿಗಳು ಹೇಗಿವೆ?

ಮೌಂಟನ್ ಬೈಕ್ ಏರಿಸಿಕೊಂಡು ಶಿರಸಿಗೆ ಬರುವವರು ಮೊದಲು ತಿಳಿದುಕೊಳ್ಳಬೇಕಾದ್ದು: ಸೈಕಲ್ಲಿಗೆಂದೇ ಕಡಿದ ಜಾಡು, ಬಾಣದ ಗುರುತು, ಹಾರುವುದಕ್ಕೆ ಕಟ್ಟಿದ ದಿಬ್ಬ ಇಲ್ಲಿ ಯಾವುದೂ ಇಲ್ಲ. ಇರುವುದು ಊರವರ ಕಾಲುದಾರಿ, ಸೊಪ್ಪಿನ ಬೆಟ್ಟಕ್ಕೆ ಹೋಗುವ ಗಾಡಿದಾರಿ, ಅರಣ್ಯ ಇಲಾಖೆಯ ಜೀಪುದಾರಿ, ಮತ್ತೆ ಧಾರಾಳವಾಗಿ ಕಿತ್ತುಹೋದ ಡಾಂಬರು. ಎತ್ತರಕ್ಕೂ ಹೆದರಬೇಕಾಗಿಲ್ಲ, ಶಿರಸಿ ಪೇಟೆ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಅಷ್ಟೇ. ಆದರೂ ಚಿಕ್ಕಮಗಳೂರಿನ ಗುಡ್ಡ ಹತ್ತಿ ಬಂದವರು ಇಲ್ಲಿ ಬೀಳುತ್ತಾರೆ. ಬೀಳಿಸುವುದು ನೀರು, ಹಾವಸೆ, ದರಕು (ಉದುರಿದ ಒಣ ಎಲೆ), ಈ ಮೂರೇ.

ಮೂರು ದಾರಿಗಳಲ್ಲಿ ಮೊದಲ ಸ್ಥಾನ ಹೆಗ್ಗರಣೆಯಿಂದ ಉಂಚಳ್ಳಿಗೆ. ಹೆಗ್ಗರಣೆಯಿಂದ ಜಲಪಾತಕ್ಕೆ ಸುಮಾರು 5 ಕಿ.ಮೀ., ಹೆಚ್ಚಿನದ್ದು ಕಾಡಿನ ನಡುವೆ. ದೂರ ಕಡಿಮೆ ಎಂದು ಮೂಗು ಮುರಿಯಬೇಡಿ. ತೋಟದ ಅಂಚು, ಹಳ್ಳದ ತಿರುವು, ದಟ್ಟ ಕಾನು ಎಲ್ಲವೂ ಈ 5 ಕಿ.ಮೀ.ಯೊಳಗೇ ಸಿಗುತ್ತವೆ. ಕೊನೆಗೆ ಅಘನಾಶಿನಿ 116 ಮೀಟರ್ ಧುಮುಕುವುದನ್ನು ನೋಡುವುದಕ್ಕೆ ಸೈಕಲ್ ಬಿಟ್ಟು ಮೆಟ್ಟಿಲು ಇಳಿಯಲೇಬೇಕು. ಸೈಕಲ್ ಹೆಗಲಿಗೇರಿಸಿ ಇಳಿಯುವವರೂ ಇದ್ದಾರೆ, ಫೋಟೊಕ್ಕೆ! ಒದ್ದೆ ಮೆಟ್ಟಿಲಲ್ಲಿ ಸೈಕಲ್ ಶೂನ ಅಡಿಯ ಕಬ್ಬಿಣದ ಕ್ಲೀಟು ಜಾರಿದರೆ ಹಿಡಿದುಕೊಳ್ಳಲು ಕೈ ಖಾಲಿ ಇರುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಹೋದರೆ ಊರವರು ಇದನ್ನು ಕೆಪ್ಪ ಜೋಗ ಎಂದು ಕರೆದದ್ದು ಏಕೆಂದು ಕಿವಿಗೇ ಗೊತ್ತಾಗುತ್ತದೆ.

ಈ ದಾರಿಯಲ್ಲಿ ಕಾನೂನನ್ನೂ ಜೊತೆಗೆ ಇಟ್ಟುಕೊಂಡೇ ಹೋಗಬೇಕು. ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದರು. 1972ರ ವನ್ಯಜೀವಿ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗಿನ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗಲು ಅಡ್ಡಿಯಿಲ್ಲ. ಅಲ್ಲಿಂದ ಬದಿಗೆ ತಿರುಗಿ ಜೀಪುದಾರಿ ಹಿಡಿದರೆ ಪರವಾನಗಿ ಬೇಕು. ಹಾಗಾಗಿ ವಲಯ ಅರಣ್ಯ ಕಚೇರಿಯಲ್ಲಿ ಮೊದಲೇ ಕೇಳಿ, ಕಾಗದದ ಮೇಲೆ ತೆಗೆದುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ಗೆರೆ ಇದೆ ಎನ್ನುವುದು ಗಾರ್ಡಿನ ಮುಂದೆ ಉತ್ತರವಾಗುವುದಿಲ್ಲ. ಜೋಯಿಡಾ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಅಣಶಿ ಘಟ್ಟದ ಹೆದ್ದಾರಿ ಬಿಟ್ಟು ಒಳಗೆ ಸೈಕಲ್ ತಿರುಗಿಸುವ ಯೋಚನೆಯೇ ಬೇಡ.

ರಾಮಪತ್ರೆ ಜಡ್ಡಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಕಡೆ ಹಳ್ಳದ ತಗ್ಗಿನಲ್ಲಿ ವರ್ಷವಿಡೀ ಕೆಸರು ನಿಂತಿರುತ್ತದೆ. ಅಲ್ಲಿನ ಮರಗಳ ಬೇರು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದಿರುತ್ತದೆ. ಆ ಬೇರು ಉಸಿರಾಡುವುದೇ ಅಲ್ಲಿಂದ. ಅದರ ಮೇಲೆ ಚಕ್ರ ಹೋದರೆ ಸಿಪ್ಪೆ ಸುಲಿಯುತ್ತದೆ. ಅಂಥ ಜಾಗ ಕಂಡರೆ ಸೈಕಲ್ ಹೊತ್ತು ದಾಟುವುದೂ ಬೇಡ, ವಾಪಸ್ ತಿರುಗಿ.

ದರಕಿನ ವಿಷಯಕ್ಕೆ ಬರೋಣ. ಜನವರಿಯಿಂದ ಮಾರ್ಚ್‌ವರೆಗೆ ಮತ್ತಿ, ನಂದಿ, ಹೊನ್ನೆ ಎಲೆ ಉದುರಿಸುತ್ತವೆ. ಊರ ಹತ್ತಿರದ ಬೆಟ್ಟದಲ್ಲಿ ದರಕನ್ನು ಗುಡಿಸಿ ಕೊಟ್ಟಿಗೆಗೆ ಒಯ್ಯುವುದರಿಂದ ದಾರಿ ಕನ್ನಡಿಯಂತೆ ಇರುತ್ತದೆ. ಅದನ್ನು ನಂಬಿ ಅದೇ ವೇಗದಲ್ಲಿ ಒಳಗಿನ ಕಾಡಿಗೆ ನುಗ್ಗಿದರೆ ಅರ್ಧ ಅಡಿ ದರಕಿನ ಕೆಳಗೆ ಜಂಬಿಟ್ಟಿಗೆ ಕಲ್ಲು, ಬೇರು, ಅಗಳ ಏನಿದೆಯೋ ಕಾಣುವುದಿಲ್ಲ. ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಎಲೆಯ ಮೇಲೆ ಎಲೆ ಜಾರಿ ಹ್ಯಾಂಡಲ್ ಮಡಚುತ್ತದೆ. ವೇಗ ತಗ್ಗಿಸುವುದು ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗ. ದರಕಿನೊಟ್ಟಿಗೆ ಸಣ್ಣ ಕಡ್ಡಿಗಳು ಗೇರ್ ಬದಲಿಸುವ ಹಿಂದಿನ ಡಿರೇಲರಿಗೆ ಸಿಕ್ಕಿಕೊಳ್ಳುತ್ತವೆ. ಕಟ್ ಎಂದು ಸದ್ದಾದ ತಕ್ಷಣ ತುಳಿಯುವುದನ್ನು ನಿಲ್ಲಿಸಬೇಕು. ಇನ್ನೊಂದು ಸುತ್ತು ತುಳಿದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಬಾಗುತ್ತದೆ ಅಥವಾ ಮುರಿಯುತ್ತದೆ. ಪ್ರತಿ ಫ್ರೇಮಿಗೂ ಹ್ಯಾಂಗರ್ ಬೇರೆ ಬೇರೆ, ಪೇಟೆಯ ಅಂಗಡಿಯಲ್ಲಿ ನಿಮ್ಮದೇ ಸಿಗುತ್ತದೆಂಬ ಭರವಸೆ ಇಲ್ಲ, ಒಂದು ಚೀಲದಲ್ಲಿರಲಿ.

ಟೈರ್ 2.25 ಇಂಚಿನದು ಸಾಕು. ಟ್ಯೂಬ್ ಇದ್ದರೆ, 70 ಕೆ.ಜಿ. ತೂಕದವರಿಗೆ ಮುಂದೆ 26ರಿಂದ 28, ಹಿಂದೆ 30 ಪಿಎಸ್‌ಐ ಹದ. ಹಿಡಿತ ಸಿಗಲಿ ಎಂದು 20ಕ್ಕೆ ಇಳಿಸಿದರೆ ಜಂಬಿಟ್ಟಿಗೆಯ ಅಂಚು ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ಬಿದಿರು ಮತ್ತು ಸೀಗೆ ಮುಳ್ಳಿಗೆ ಟ್ಯೂಬ್‌ಲೆಸ್ ಮೇಲು, ಆದರೆ ಅದರೊಳಗೆ ತೂತು ಮುಚ್ಚುವ ದ್ರವ, ಸೀಲಂಟ್, ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲೇ ಒಣಗಬಹುದು. ಹೊರಡುವ ಮೊದಲು ಚಕ್ರ ಅಲುಗಿಸಿ ಒಳಗೆ ದ್ರವ ಕುಲುಕುವ ಸದ್ದು ಕೇಳಿ.

ದೇವಿಮನೆ ಘಟ್ಟ ಶಿರಸಿ–ಕುಮಟಾ ಹೆದ್ದಾರಿಯಲ್ಲಿದೆ. ಇಳಿಜಾರು ಚೆಂದ, ಲಾರಿಗಳು ಚೆಂದವಲ್ಲ. ಬೆಳಿಗ್ಗೆ ಬೇಗ ಇಳಿದು ಮುಗಿಸಿ. ರಸ್ತೆ ಕೆಲಸ ನಡೆದ ಕಡೆ ತಿರುವಿನ ಹೊರ ಅಂಚಿನಲ್ಲಿ ಸಣ್ಣ ಜಲ್ಲಿ ಚೆಲ್ಲಿರುತ್ತದೆ. ನನ್ನ ಅಂಕ ಐದಕ್ಕೆ ಎರಡೂವರೆ.

ಈ ಇಳಿಜಾರಿನ ನಿಜವಾದ ಪರೀಕ್ಷೆ ಬ್ರೇಕಿಗೆ. ಘಟ್ಟದ ನೆತ್ತಿಯಿಂದ ಕತಗಾಲದ ಕಡೆ ಇಳಿಯುವಾಗ ಲಿವರ್ ಒತ್ತಿ ಹಿಡಿದುಕೊಂಡೇ ಬಂದರೆ ಪ್ಯಾಡ್ ಕಾದು ಗಾಜಿನಷ್ಟು ನುಣುಪಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಕಿರುಚುತ್ತದೆಯೇ ಹೊರತು ಹಿಡಿಯುವುದಿಲ್ಲ. ಗಟ್ಟಿಯಾಗಿ ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ; ಬಿಟ್ಟ ಗಳಿಗೆಯಲ್ಲಿ ಡಿಸ್ಕ್ ಆರುತ್ತದೆ. ರೆಸಿನ್ ಪ್ಯಾಡ್ ಸದ್ದು ಮಾಡುವುದಿಲ್ಲ, ಆದರೆ ಕೆಂಪು ಕೆಸರಿನಲ್ಲಿ ಬೇಗ ಸವೆಯುತ್ತದೆ. ಅಕ್ಟೋಬರಿನ ಒದ್ದೆಗೆ ಲೋಹದ ಸಿಂಟರ್ಡ್ ಪ್ಯಾಡೇ ಆಗಬೇಕು, ನಿಮ್ಮ ಡಿಸ್ಕ್ ಅದನ್ನು ತಾಳುವಂಥದ್ದೋ ಎಂದು ಅದರ ಮೇಲೆ ಬರೆದದ್ದನ್ನು ಓದಿ. ಪ್ಯಾಡಿನ ಪದರ ಅರ್ಧ ಮಿ.ಮೀ.ಗೆ ಬಂದಿದ್ದರೆ ಘಟ್ಟ ಇಳಿಯುವ ಮೊದಲೇ ಬದಲಿಸಿ.

ಕಡಿಮೆ ಬೆಲೆಯ ಸೈಕಲ್ಲುಗಳ ಕೇಬಲ್ ಡಿಸ್ಕ್ ಬ್ರೇಕಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಪ್ಯಾಡ್ ಸವೆದಾಗ ಕೇಬಲ್ ಮಾತ್ರ ಬಿಗಿ ಮಾಡುತ್ತಾರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಚಲಿಸುವುದು ಹೊರಗಿನ ಪ್ಯಾಡ್ ಒಂದೇ. ಒಳಗಿನದು ನಿಂತಲ್ಲೇ ನಿಂತಿರುತ್ತದೆ. ಒಳಗಿನ ಪ್ಯಾಡನ್ನು ಚಕ್ರದ ಕಡೆಯಿಂದ ಅಲೆನ್ ಕೀ ಹಾಕಿ ಡಿಸ್ಕಿಗೆ ತಾಗೀ ತಾಗದ ಹಾಗೆ ಮುಂದೆ ತರದಿದ್ದರೆ, ಒತ್ತಿದಾಗಲೆಲ್ಲ ಡಿಸ್ಕ್ ಆ ಕಡೆ ಬಾಗುತ್ತದೆ, ಲಿವರ್ ಹ್ಯಾಂಡಲಿಗೆ ಬಂದು ತಾಗುತ್ತದೆ. ಎರಡು ನಿಮಿಷದ ಕೆಲಸ, ಆದರೆ ಬಾಡಿಗೆ ಸೈಕಲ್ಲುಗಳಲ್ಲಿ ಇದನ್ನು ಮಾಡಿಟ್ಟದ್ದು ಅಪರೂಪ. ಬಾಡಿಗೆಗೆ ತೆಗೆದುಕೊಳ್ಳುವಾಗ ಮುಂದಿನ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ನೂಕಿ. ಹಿಂದಿನ ಚಕ್ರ ನೆಲ ಬಿಟ್ಟು ಏಳದಿದ್ದರೆ ಬೇರೆ ಸೈಕಲ್ ಕೇಳಿ.

ವಡ್ಡಿ ಘಟ್ಟ ದೇವನಳ್ಳಿ ಕಡೆಯಿಂದ ಅಚವೆಗೆ, ಅಲ್ಲಿಂದ ಅಂಕೋಲೆಗೆ ಇಳಿಯುತ್ತದೆ. ವಾಹನ ಕಡಿಮೆ, ತಿರುವು ಕಡಿದು, ರಸ್ತೆ ಅಲ್ಲಲ್ಲಿ ಹಾಳು, ಅಂದರೆ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಐದಕ್ಕೆ ನಾಲ್ಕು. ಕೆಳಗೆ ಮಾಬಗಿಯ ಹತ್ತಿರ ವಿಭೂತಿ ಜಲಪಾತ, ಅದೇ ಸುತ್ತಿನಲ್ಲಿ ಯಾಣ. ಯಾಣದ ಕಪ್ಪು ಬಂಡೆಗಳಲ್ಲಿ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅಲ್ಲಿಗೆ ನಡೆದೇ ಹೋಗಬೇಕು, ದೇವಸ್ಥಾನದ ದಾರಿಯಲ್ಲಿ ಸೈಕಲ್ ತುಳಿಯುವುದು ಸರಿಯೂ ಅಲ್ಲ. ಈ ದಾರಿಯ ತೊಂದರೆ ಹಳ್ಳ ದಾಟುವ ಸಿಮೆಂಟು ಕಟ್ಟೆಗಳು. ನೀರು ತೆಳ್ಳಗೆ ಹರಿಯುವಲ್ಲಿ ಹಾವಸೆ ಹಿಡಿದಿರುತ್ತದೆ. ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ತುಳಿಯದೆ ನೇರ ದಾಟಬೇಕು, ಇಲ್ಲವೇ ಇಳಿದು ದೂಡಬೇಕು. ಅಡಿಕೆ ಮರದ ಸಂಕದ ಮೇಲಂತೂ ಯಾವಾಗಲೂ ಇಳಿದೇ. ತೋಟದ ದಣಪೆ ತೆಗೆದು ಒಳಗೆ ಹೋದವರು ತಿರುಗಿ ಹಾಕಿಯೇ ಮುಂದೆ ಹೋಗಬೇಕು. ದನ ನುಗ್ಗಿ ಸಸಿ ತಿಂದರೆ ಮುಂದಿನ ಸೈಕಲ್ಲಿನವರಿಗೆ ಆ ದಾರಿಯೇ ಮುಚ್ಚಿತು ಮಾರಾಯ್ರೆ.

ವಾಪಸ್ ಏರುವ ಮನಸ್ಸಿದ್ದರೆ ಗೇರ್ ಲೆಕ್ಕ ಹಾಕಿ. ಮುಂದೆ 32, ಹಿಂದೆ 46 ಹಲ್ಲು ಇದ್ದರೆ ಕುಳಿತೇ ಏರಬಹುದು. ಮುಂದೆ 28, ಹಿಂದೆಯೂ 28 ಇರುವ ಹಳೆಯ ಮಾದರಿಯಲ್ಲಿ ಚೂಪು ತಿರುವುಗಳಲ್ಲಿ ದೂಡುವುದು ಖಂಡಿತ.

ಕಾಲ ಯಾವುದು? ಜೂನ್‌ನಿಂದ ಸೆಪ್ಟೆಂಬರ್ ಬೇಡ. ಘಟ್ಟದ ಧರೆ ಕುಸಿಯುವುದು ಹೇಳಿ ಕೇಳಿ ಅಲ್ಲ. 2021ರ ಜುಲೈಯಲ್ಲಿ ಅಣಶಿ, 2024ರ ಜುಲೈಯಲ್ಲಿ ಶಿರೂರು ನೆನಪಿರಲಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಅತ್ಯುತ್ತಮ. ಆಗ ಉಂಬಳ (ಜಿಗಣೆ) ಇನ್ನೂ ಇರುತ್ತದೆ. ಕವಳದ ಸುಣ್ಣ ಸ್ವಲ್ಪ ಮುಟ್ಟಿಸಿದರೆ ಕಳಚಿ ಬೀಳುತ್ತದೆ. ಡಿಸೆಂಬರಿನಿಂದ ಮೇವರೆಗೆ ಉಣ್ಣಿಯ ಕಾಲ, ಸಿದ್ದಾಪುರ ಕಡೆ ಮಂಗನ ಕಾಯಿಲೆಯ ಕಾಲವೂ ಅದೇ. ದರಕಿನ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಡಿ, ಅಂಗಿ ನೆಲಕ್ಕೆ ಹಾಸಬೇಡಿ, ಕಾಲಿಗೆ ಉಣ್ಣಿ ತಡೆಯುವ ಡೆಪಾ ಎಣ್ಣೆ ಹಚ್ಚಿ. ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಸಂಜೆ 5ರೊಳಗೆ ಕಾಡು ಬಿಡಿ. ಕತ್ತಲಾದ ಮೇಲೆ ತಿರುವಿನಾಚೆ ಕಾಡುಕೋಣ ನಿಂತಿದ್ದರೆ ಅದಕ್ಕೆ ನಿಮ್ಮ ಗಂಟೆ ಕೇಳಿಸುವ ಹೊತ್ತಿಗೆ ನೀವು ಅದರ ಮುಂದೆಯೇ ಇರುತ್ತೀರಿ.

ಕುಮಟೆ, ಅಂಕೋಲೆಗೆ ಇಳಿದವರು ಕಡಲ ದಂಡೆಯ ಮರಳಲ್ಲಿ ಒಂದು ಸುತ್ತು ಹಾಕದೆ ಬಿಡುವುದಿಲ್ಲ. ಹಾಕಿದರೆ ಅದೇ ದಿನ ಸಿಹಿನೀರು ಸುರಿದು ಚೈನು, ಕೇಬಲ್ ತುದಿ, ಬೋಲ್ಟಿನ ತಲೆ ತೊಳೆಯಿರಿ, ಒರೆಸಿ, ಚೈನಿನ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಸ್ಪ್ರೇ ಬಳಸಬೇಡಿ. ಅದು ಡಿಸ್ಕಿಗೆ ಸಿಡಿದರೆ ಹೊಸ ಪ್ಯಾಡ್ ಕೂಡ ದಂಡ.