ಕೋಡಿ ಬೆಂಗ್ರೆಯಲ್ಲಿ ಕಯಾಕಿಂಗ್: ಉಬ್ಬರ ಕೇಳಿಕೊಂಡು ಹೋಗಿ

ಐದಕ್ಕೆ ಮೂರೂವರೆ ಸ್ಟಾರ್. ಉಳಿದ ಒಂದೂವರೆ ಕೆಸರಿಗೆ ಹೋಯಿತು.

ಉಡುಪಿಯಿಂದ ಮಲ್ಪೆ, ಹೂಡೆ ದಾಟಿ ಹೋದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ಹೊಳೆ, ನಡುವೆ ರಸ್ತೆ ಮತ್ತು ತೆಂಗಿನ ತೋಟಕ್ಕಷ್ಟೇ ಜಾಗ ಇರುವ ಸಪೂರ ನೆಲ. ಅದು ಮುಗಿಯುವಲ್ಲಿ ಕೋಡಿ ಬೆಂಗ್ರೆ. ಸೀತಾ ಹೊಳೆಯೂ ಅಲ್ಲೇ ಬಂದು ಸೇರುತ್ತದೆ. ಎದುರು ದಡ ಹಂಗಾರಕಟ್ಟೆ.

ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಕೊಟ್ಟವರ ಹೆಸರು ಬೇಡ. ಬೆಳಿಗ್ಗೆ ಏಳಕ್ಕೆ ಬನ್ನಿ ಅಂದರು, ಹೋದೆವು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ತೊರೆಗೆ ನುಗ್ಗಿ ಹತ್ತು ನಿಮಿಷ ಆಗಿರಲಿಲ್ಲ, ಕಯಾಕ್ ನೆಲ ಹಿಡಿದು ಕೂತಿತು. ನೀರು ಆಗಲೇ ಇಳಿದಿತ್ತು. ಇಳಿದು ತಳ್ಳೋಣ ಅಂದರೆ ಮೊಣಕಾಲಿನ ತನಕ ಕೆಸರು, ನನ್ನ ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಅದರ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ನೀರಲ್ಲೇ ದುಡಿಯುವವರಿಗೆ ಇದು ಗೊತ್ತಿಲ್ಲದೇ ಇರುತ್ತದಾ? ಬುಕ್ ಮಾಡುವಾಗಲೇ ಹೇಳಬೇಕಿತ್ತು ಅಲ್ವಾ.

ಆದರೆ ನೀರು ಏರಲಿ ಅಂತ ಸುಮ್ನೆ ಕೂತಾಗಲೇ ಜೊತೆಗೆ ಬಂದ ಹುಡುಗ ಮಾತಿಗೆ ಶುರು ಮಾಡಿದ, ಇಡೀ ಟ್ರಿಪ್‌ನಲ್ಲಿ ಚೆನ್ನಾಗಿದ್ದಿದ್ದು ಅದೇ. ನಾನು ಬಯಲುಸೀಮೆಯವನು. ಕೋಡಿ ಅಂದರೆ ತುಂಬಿದ ಕೆರೆಯ ನೀರು ಹೊರಬೀಳುವ ಜಾಗ ಅಂದುಕೊಂಡಿದ್ದೆ. "ಇಲ್ಲಿ ಕೆರೆ ಎಲ್ಲಿದೆ ಮಾರಾಯ್ರೆ?" ಅಂತ ನಕ್ಕ. ತುಳುವಿನಲ್ಲಿ ಕೊಡಿ ಅಂದರೆ ತುದಿ, ಬಾಳೆ ಎಲೆಯ ಕುಡಿಗೂ ಅದೇ ಮಾತು, ಹೊಳೆ ಕಡಲು ಸೇರುವಲ್ಲಿ ಉಳಿದ ನೆಲದ ತುದಿಯೇ ನಮ್ಮ ಕೋಡಿ ಅಂದ. ನನಗೂ ಸರಿ ಅನ್ನಿಸಿತು. ಕುಂದಾಪುರದ ಕೋಡಿ, ಹೆಜಮಾಡಿ ಕೋಡಿ ಎರಡೂ ಅಳಿವೆಯ ಬಾಯಲ್ಲೇ ಇವೆ. ಬೆಂಗ್ರೆ ಅಂದರೆ ಹೊಳೆಗೂ ಕಡಲಿಗೂ ನಡುವಿನ ಮರಳು ನೆಲ, ಮಂಗಳೂರಿನ ಬೆಂಗ್ರೆಯೂ ಹಾಗೇ ಇದೆ.

ಕಾಂಡ್ಲಾದ ಬೀಜ ಮರದಲ್ಲೇ ಮೊಳಕೆಯೊಡೆದು ಹಸಿರು ಕೋಲಿನಂತೆ ನೇತಾಡುತ್ತದೆ, ಕೆಸರಿಗೆ ಬಿದ್ದರೆ ಅಲ್ಲೇ ಬೇರು ಬಿಡುತ್ತದೆ. ಅದನ್ನು ತೋರಿಸಿದ್ದೂ ಅವನೇ. ನೀರು ತುಂಬಿದ್ದರೆ ಭರ್ ಅಂತ ದಾಟಿ ಹೋಗುತ್ತಿದ್ದೆವು, ಕಣ್ಣಿಗೇ ಬೀಳುತ್ತಿರಲಿಲ್ಲ.

ಲೈಫ್ ಜಾಕೆಟ್ ಚೆನ್ನಾಗಿದ್ದವು. ಬಟ್ಟೆ ಬದಲಿಸಲು ಜಾಗ ಇಲ್ಲ. ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ನೀರು ಏರುವ ಹೊತ್ತು ಕೇಳಿ, ಅವರು ಹೇಳಿದ ಟೈಮ್ ಅದಕ್ಕೆ ಹೊಂದದಿದ್ದರೆ ಒಪ್ಪಬೇಡಿ. ಚಪ್ಪಲಿ ಹಳೇದೇ ಇರಲಿ.