ಓರ್ಮಿಗೋನ್ ಬರೆಯಲೋ, ಕೊಂಕ್ರೆತೊ ಬರೆಯಲೋ? ನಾನು ಬಳಸುವ ಸ್ಪ್ಯಾನಿಷ್ ನಿಘಂಟು

ನಾನು ಬೆಂಗಳೂರಿನಲ್ಲಿ ಕೂತು ಬೇರೆ ದೇಶದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡುವವಳು. ಹೋದ ವರ್ಷ ಮೆಕ್ಸಿಕೋದ ಒಂದು ಗೋದಾಮಿನ ಕೆಲಸ ಬಂತು. ಟಿಪ್ಪಣಿಗಳೆಲ್ಲ ಸ್ಪ್ಯಾನಿಷ್‌ನಲ್ಲೇ ಬೇಕಿತ್ತು. ಕಾಂಕ್ರೀಟ್ ಬರುವ ಕಡೆಯೆಲ್ಲ ‘ಓರ್ಮಿಗೋನ್’ ಅಂತ ಹಾಕಿ 14 ಶೀಟು ಕಳಿಸಿದೆ. ಅಲ್ಲಿನ ಎಂಜಿನಿಯರ್ ಒಂದನ್ನೂ ಬಿಡದೆ ಕೆಂಪಿನಲ್ಲಿ ಹೊಡೆದು ‘ಕೊಂಕ್ರೆತೊ’ ಅಂತ ಬರೆದು ವಾಪಸ್ ಕಳಿಸಿದರು. ಪದ ಸರಿಯೇ ಇತ್ತು. ಆದರೆ ಅದು ಸ್ಪೇನಿನವರ ಮಾತು.

ಆವತ್ತಿನಿಂದ ಮ್ಯಾಡ್ರಿಡ್‌ನ ರಿಯಲ್ ಅಕಾಡೆಮಿಯಾ ಎಸ್ಪಾನ್ಯೋಲಾದ ನಿಘಂಟು ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇರುತ್ತದೆ. ಸ್ಪ್ಯಾನಿಷ್ ಭಾಷೆಗಾಗಿ 1713ರಲ್ಲಿ ಶುರುವಾದ ಸಂಸ್ಥೆ ಅದು. ಆನ್‌ಲೈನ್‌ನಲ್ಲಿ ನೋಡಲು ದುಡ್ಡು ಕೊಡಬೇಕಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಪದದ ಮೂಲ ಹೇಳುವ ರೀತಿ. ‘ಓರ್ಮಿಗಾ’ ಅಂದರೆ ಇರುವೆ. ಹಾಗಾಗಿ ಓರ್ಮಿಗೋನ್ ಅದರಿಂದಲೇ ಬಂದಿದೆ ಅಂದುಕೊಂಡಿದ್ದೆ. ನಿಘಂಟು ತೋರಿಸಿದ್ದು ‘ಓರ್ಮಿಗೊ’ ಅನ್ನುವ ಪದವನ್ನು. ಹಿಟ್ಟು ಬೇಯಿಸಿ ಮಾಡುವ ಅಂಬಲಿಯಂಥ ತಿನಿಸು ಅದು. ಜಲ್ಲಿ, ಮರಳು, ಸಿಮೆಂಟಿಗೆ ನೀರು ಹಾಕಿ ಕಲಸುವುದನ್ನು ನೋಡಿದವರಿಗೆ ಈ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ, ಅಲ್ವಾ?

‘ಸೆಮೆಂತೊ’ ವಿಷಯವೂ ಇಲ್ಲೇ ಸ್ಪಷ್ಟವಾಯಿತು. ಅದು ಸಿಮೆಂಟ್ ಪುಡಿ ಮಾತ್ರ, ಕಲಸಿದ ಕಾಂಕ್ರೀಟ್ ಅಲ್ಲ. ನಾವೂ ಕಾಂಕ್ರೀಟ್ ರಸ್ತೆಯನ್ನು ಸಿಮೆಂಟ್ ರಸ್ತೆ ಅಂತೀವಿ. ಮಾತಿನಲ್ಲಿ ನಡೆಯುತ್ತದೆ, ಡ್ರಾಯಿಂಗಿನಲ್ಲಿ ನಡೆಯುವುದಿಲ್ಲ.

ಒಂದು ಕೊರತೆ ಇದೆ. ‘ಕೊಂಕ್ರೆತೊ’ ಅಮೆರಿಕ ಖಂಡದ ಬಳಕೆ ಅಂತ ನಿಘಂಟು ಗುರುತು ಹಾಕುತ್ತದೆ. ಅಷ್ಟನ್ನೇ ನಂಬಿದರೆ ಚಿಲಿ, ಅರ್ಜೆಂಟೀನಾ ಕೆಲಸದಲ್ಲಿ ಮತ್ತೆ ಎಡವುತ್ತೀರಿ. ಅವರು ಹೇಳುವುದು ಓರ್ಮಿಗೋನ್ ಅಂತಲೇ. ಅದಕ್ಕೆ ನಾನು ಆಯಾ ದೇಶದ ಕಾಂಕ್ರೀಟ್ ಸಂಸ್ಥೆಯ ಹೆಸರನ್ನೂ ನೋಡುತ್ತೇನೆ. ಮೆಕ್ಸಿಕೋದ ಸಂಸ್ಥೆ ‘ಇನ್‌ಸ್ಟಿತೂತೊ ಮೆಹಿಕಾನೊ ದೆಲ್ ಸೆಮೆಂತೊ ಇ ದೆಲ್ ಕೊಂಕ್ರೆತೊ’. ಚಿಲಿಯದು ‘ಇನ್‌ಸ್ಟಿತೂತೊ ದೆಲ್ ಸೆಮೆಂತೊ ಇ ದೆಲ್ ಓರ್ಮಿಗೋನ್’. ಎರಡು ನಿಮಿಷದ ಕೆಲಸ.

ಆರ್‌ಸಿಸಿ, ಅಂದರೆ ಒಳಗೆ ಉಕ್ಕಿನ ಸರಳು ಹಾಕಿದ ಕಾಂಕ್ರೀಟ್, ಬಂದಾಗಲೂ ಹೀಗೇ. ಸ್ಪೇನಿಗೆ ‘ಓರ್ಮಿಗೋನ್ ಅರ್ಮಾದೊ’, ಮೆಕ್ಸಿಕೋಗೆ ‘ಕೊಂಕ್ರೆತೊ ರೆಫೊರ್ಸಾದೊ’ ಬರೆಯುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ‘ಅಮೆರಿಕ’ ಅನ್ನುವ ಗುರುತಿನ ಪಕ್ಕದಲ್ಲಿ ದೇಶದ ಹೆಸರುಗಳನ್ನೂ ಸೇರಿಸಿದರೆ ಐದನೆಯದೂ ಅವರದೇ.